ಆಡ್‌ವರ್ಬ್ ವಾಕ್ಯದಲ್ಲಿ ಎಲ್ಲಿ ಕೂರಬೇಕು, ‘-ಲಿ’ ಯಾವಾಗ ಸೇರಿಸಬೇಕು?

ಪ್ರಶ್ನೆ: ಕಲಿಕೆಯ ದಾರಿ

ಕ್ರಿಯೆ ಹೇಗೆ, ಎಲ್ಲಿ, ಯಾವಾಗ, ಎಷ್ಟು ಸಲ ನಡೆಯಿತು ಎಂದು ತಿಳಿಸುವ ಪದ ಆಡ್‌ವರ್ಬ್ ಅನ್ನುವುದು ಗೊತ್ತು. ಗೊಂದಲ ಇರುವುದು ಬಳಕೆಯಲ್ಲಿ. ‘ಷಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಯಾಕೆ ತಪ್ಪು? ‘ದ ಸೂಪ್ ಟೇಸ್ಟ್ಸ್ ನೈಸ್ಲಿ’ ಕೂಡ ತಪ್ಪಂತೆ, ಅದು ಹೇಗೆ? ‘ಆಲ್ವೇಸ್’ ಕೆಲವು ಕಡೆ ಕ್ರಿಯಾಪದಕ್ಕಿಂತ ಮೊದಲು, ಕೆಲವು ಕಡೆ ಆಮೇಲೆ ಬರುತ್ತದೆ. ಬಾಯಿಪಾಠದ ಪಟ್ಟಿ ಬೇಡ, ಹಿಂದಿರುವ ಕಾರಣ ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಪದಕ್ರಮ

ಮೊದಲ ವಾಕ್ಯದಲ್ಲಿ ಕನ್ನಡದ ಪದಕ್ರಮ ನುಸುಳಿದೆ. ‘ಅವಳು ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾಳೆ’ ಎನ್ನುವಾಗ ‘ಚೆನ್ನಾಗಿ’ ಕ್ರಿಯಾಪದದ ಪಕ್ಕದಲ್ಲೇ ಇದೆ. ಇಂಗ್ಲಿಷಿನಲ್ಲಿ ಕ್ರಿಯಾಪದದ ಪಕ್ಕದ ಜಾಗ ಕರ್ಮಪದದ್ದು. ಅವೆರಡರ ನಡುವೆ ಆಡ್‌ವರ್ಬ್ ತೂರಿಸುವ ಹಾಗಿಲ್ಲ. ಆದ್ದರಿಂದ ‘ಷಿ ಸ್ಪೀಕ್ಸ್ ಇಂಗ್ಲಿಷ್ ವೆಲ್’. ಹಾಗೆಯೇ ‘ಐ ಲೈಕ್ ವೆರಿ ಮಚ್ ದಿಸ್ ಬುಕ್’ ಅಲ್ಲ, ‘ಐ ಲೈಕ್ ದಿಸ್ ಬುಕ್ ವೆರಿ ಮಚ್’. ಕರ್ಮಪದವೇ ಇಲ್ಲದಿದ್ದರೆ ತೊಂದರೆಯಿಲ್ಲ: ‘ಷಿ ಸ್ಪೀಕ್ಸ್ ವೆಲ್’ ಸರಿಯಾಗಿದೆ.

ಇದಕ್ಕೊಂದು ಅಪವಾದ ಉಂಟು. ಕರ್ಮದ ಜಾಗದಲ್ಲಿ ಉದ್ದನೆಯ ಉಪವಾಕ್ಯ ಬಂದರೆ ಆಡ್‌ವರ್ಬ್ ಅದಕ್ಕಿಂತ ಮೊದಲೇ ಬರಬಹುದು: ‘ಷಿ ಎಕ್ಸ್‌ಪ್ಲೇನ್ಡ್ ಕ್ಲಿಯರ್ಲಿ ವಾಟ್ ವಿ ಹ್ಯಾಡ್ ಟು ಡೂ’. ಇಲ್ಲಿ ‘ಕ್ಲಿಯರ್ಲಿ’ಯನ್ನು ಕೊನೆಗೆ ತಳ್ಳಿದರೆ ಅದು ‘ಎಕ್ಸ್‌ಪ್ಲೇನ್ಡ್’ ಬಿಟ್ಟು ‘ಡೂ’ಗೆ ಸೇರಿಕೊಂಡಂತೆ ಕೇಳಿಸುತ್ತದೆ.

ಒಂದೇ ವಾಕ್ಯದಲ್ಲಿ ಎರಡು ಮೂರು ಆಡ್‌ವರ್ಬ್ ಬಂದಾಗ ಕನ್ನಡವನ್ನು ತಿರುವಿಹಾಕಿ ನೋಡಿ. ನಾವು ‘ನಿನ್ನೆ ಮೈದಾನದಲ್ಲಿ ಚೆನ್ನಾಗಿ ಆಡಿದರು’ ಅನ್ನುತ್ತೇವೆ: ಕಾಲ, ಸ್ಥಳ, ರೀತಿ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ರೀತಿ, ಸ್ಥಳ, ಕಾಲ: ‘ದೆ ಪ್ಲೇಡ್ ವೆಲ್ ಅಟ್ ದ ಸ್ಟೇಡಿಯಂ ಯೆಸ್ಟರ್‌ಡೇ’. ‘ಗೋ’, ‘ಕಮ್’ ಥರದ ಚಲನೆಯ ಕ್ರಿಯಾಪದಗಳಿಗೆ ಮಾತ್ರ ಸ್ಥಳ ಮೊದಲು ಬರುವುದೇ ಹೆಚ್ಚು: ‘ಹಿ ವೆಂಟ್ ಹೋಮ್ ಕ್ವಿಕ್ಲಿ’.

ಉತ್ತರ: ವ್ಯಾಕರಣ ಪ್ರಿಯ

‘ಆಲ್ವೇಸ್, ಯೂಷುಯಲಿ, ಆಫನ್, ನೆವರ್’ ಇವುಗಳ ಬಗ್ಗೆ: ವಾಕ್ಯದಲ್ಲಿ ಎಷ್ಟು ಕ್ರಿಯಾಪದಗಳಿವೆ ಎಂದು ಮೊದಲು ಎಣಿಸಿ. ಒಂದೇ ಇದ್ದು, ಅದು ‘ಆ್ಯಮ್, ಈಸ್, ಆರ್, ವಾಸ್, ವರ್’ ಆಗಿದ್ದರೆ ಅದರ ನಂತರ: ‘ಷಿ ಈಸ್ ಆಲ್ವೇಸ್ ಅರ್ಲಿ’. ಒಂದೇ ಇದ್ದು ಬೇರೆ ಯಾವುದಾದರೂ ಆಗಿದ್ದರೆ ಅದಕ್ಕಿಂತ ಮೊದಲು: ‘ಷಿ ಆಲ್ವೇಸ್ ಕಮ್ಸ್ ಅರ್ಲಿ’. ಎರಡು ಅಥವಾ ಹೆಚ್ಚು ಇದ್ದರೆ ಮೊದಲನೆಯ ಸಹಾಯಕ ಕ್ರಿಯಾಪದ ಆದ ಮೇಲೆ: ‘ದೆ ಹ್ಯಾವ್ ನೆವರ್ ಬೀನ್ ಲೇಟ್’. ಪ್ರಶ್ನೆಯಲ್ಲಿ ಕರ್ತೃವಿನ ನಂತರ: ‘ಡು ಯು ಆಫನ್ ರೀಡ್ ಅಟ್ ನೈಟ್?’

ಈ ಲೆಕ್ಕ ತಪ್ಪುವುದು ಚಿಕ್ಕ ಉತ್ತರಗಳಲ್ಲಿ. ‘ಆರ್ ಯು ಆಲ್ವೇಸ್ ಅರ್ಲಿ?’ ಎಂಬುದಕ್ಕೆ ‘ಎಸ್, ಐ ಆಲ್ವೇಸ್ ಆ್ಯಮ್’ ಎಂದೇ ಹೇಳಬೇಕು, ‘ಐ ಆ್ಯಮ್ ಆಲ್ವೇಸ್’ ಎಂದಲ್ಲ. ಕ್ರಿಯಾಪದ ವಾಕ್ಯದ ತುದಿಗೆ ಬಂದು ಒತ್ತು ಪಡೆದಾಗ ಆಡ್‌ವರ್ಬ್ ಅದಕ್ಕಿಂತ ಮೊದಲೇ ಬಂದುಬಿಡುತ್ತದೆ.

‘ಸಮ್‌ಟೈಮ್ಸ್’, ‘ಯೂಷುಯಲಿ’ ವಾಕ್ಯದ ಆರಂಭದಲ್ಲೂ ಬರಬಹುದು. ‘ಆಲ್ವೇಸ್’ ಹಾಗೆ ಬರುವುದು ಮುಖ್ಯವಾಗಿ ಆಜ್ಞೆ, ಸೂಚನೆಗಳಲ್ಲಿ: ‘ಆಲ್ವೇಸ್ ರೀಡ್ ದ ಲೇಬಲ್’. ‘ನೆವರ್’, ‘ರೇರ್ಲಿ’ ಇವನ್ನು ಮುಂದಕ್ಕೆ ತಂದರೆ ಪ್ರಶ್ನೆಯ ಪದಕ್ರಮ ಬೇಕಾಗುತ್ತದೆ: ‘ರೇರ್ಲಿ ಡಸ್ ಹಿ ಕಂಪ್ಲೇನ್’. ಇದು ಬರವಣಿಗೆಗೆ ಒಪ್ಪುತ್ತದೆ, ದಿನದ ಮಾತಿನಲ್ಲಿ ಭಾರವಾಗುತ್ತದೆ.

ಉತ್ತರ: ನುಡಿ ನೋಟ

ಸೂಪಿನ ವಾಕ್ಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಮೂರರಲ್ಲಿ ಇದೇ ಮುಖ್ಯ. ಕನ್ನಡದ ‘-ಆಗಿ’ ಎರಡು ಕೆಲಸ ಮಾಡುತ್ತದೆ. ‘ಸುಂದರವಾಗಿ ಬರೆದಳು’ ಎಂಬಲ್ಲಿ ಅದು ಕ್ರಿಯೆಯ ರೀತಿಯನ್ನು ಹೇಳುತ್ತದೆ, ‘ಸೂಪ್ ರುಚಿಯಾಗಿದೆ’ ಎಂಬಲ್ಲಿ ವಸ್ತುವಿನ ಗುಣವನ್ನು. ಇಂಗ್ಲಿಷ್ ಇವೆರಡನ್ನೂ ಬೇರೆ ಇಡುತ್ತದೆ: ರೀತಿಗೆ ಆಡ್‌ವರ್ಬ್, ಗುಣಕ್ಕೆ ಅಡ್ಜೆಕ್ಟಿವ್. ‘-ಆಗಿ’ ಕಂಡಲ್ಲೆಲ್ಲ ‘-ಲಿ’ ಹಚ್ಚಿದರೆ ತಪ್ಪಾಗುವುದು ಇದಕ್ಕೇ.

‘ಟೇಸ್ಟ್, ಸ್ಮೆಲ್, ಲುಕ್, ಫೀಲ್, ಸೌಂಡ್, ಸೀಮ್’ ಬಂದಾಗ ಆ ಜಾಗದಲ್ಲಿ ‘ಈಸ್’ ಹಾಕಿ ಓದಿ. ‘ದ ಸೂಪ್ ಈಸ್ ನೈಸ್’ ಎಂದರೆ ಅರ್ಥ ಹೆಚ್ಚುಕಡಿಮೆ ಉಳಿಯುತ್ತದಲ್ಲ, ಹಾಗಿದ್ದರೆ ಅಡ್ಜೆಕ್ಟಿವ್ ಬೇಕು: ‘ದ ಸೂಪ್ ಟೇಸ್ಟ್ಸ್ ನೈಸ್’. ಇದೇ ಪದಗಳು ನಿಜವಾದ ಕ್ರಿಯೆಯನ್ನು ಹೇಳುವಾಗ ಆಡ್‌ವರ್ಬ್ ಬರುತ್ತದೆ. ‘ಹಿ ಲುಕ್ಡ್ ಆಂಗ್ರಿ’ ಎಂದರೆ ಅವನ ಮುಖದಲ್ಲಿ ಸಿಟ್ಟು ಕಾಣುತ್ತಿತ್ತು. ‘ಹಿ ಲುಕ್ಡ್ ಆಂಗ್ರಿಲಿ ಅಟ್ ದ ಡ್ರೈವರ್’ ಎಂದರೆ ಡ್ರೈವರನ್ನು ಸಿಟ್ಟಿನಿಂದ ದಿಟ್ಟಿಸಿದ.

‘ಐ ಫೀಲ್ ವೆಲ್’ ನೋಡಿ ಗಲಿಬಿಲಿಯಾಗಬೇಡಿ. ಅಲ್ಲಿನ ‘ವೆಲ್’ ಆಡ್‌ವರ್ಬ್ ಅಲ್ಲ, ‘ಆರೋಗ್ಯವಾಗಿರುವ’ ಎಂಬ ಅರ್ಥದ ಅಡ್ಜೆಕ್ಟಿವ್.

ಕಲಿಕೆಯ ದಾರಿ

‘ಈಸ್’ ಪರೀಕ್ಷೆ ಬಹಳ ಉಪಯೋಗಕ್ಕೆ ಬಂತು, ಧನ್ಯವಾದಗಳು. ಹಾಗಾದರೆ ‘ಹಾರ್ಡ್’ ಮತ್ತು ‘ಹಾರ್ಡ್ಲಿ’? ಅಲ್ಲಿ ‘-ಲಿ’ ಸೇರಿದರೆ ಅರ್ಥವೇ ಬೇರೆಯಂತಲ್ಲ?

ಉತ್ತರ: ವ್ಯಾಕರಣ ಪ್ರಿಯ

ಹೌದು, ಪೂರಾ ಬೇರೆ. ‘ಐ ವರ್ಕ್ಡ್ ಹಾರ್ಡ್’ ಎಂದರೆ ಕಷ್ಟಪಟ್ಟು ದುಡಿದೆ, ‘ಐ ಹಾರ್ಡ್ಲಿ ವರ್ಕ್ಡ್’ ಎಂದರೆ ಕೆಲಸ ಮಾಡೇ ಇಲ್ಲವೆನ್ನುವಷ್ಟು ಕಡಿಮೆ ಮಾಡಿದೆ. ಉದ್ಯೋಗದ ಅರ್ಜಿಯಲ್ಲಿ ಇದು ಅದಲುಬದಲಾದರೆ ನಷ್ಟ ನಿಮ್ಮದೇ. ‘ಹಾರ್ಡ್ಲಿ’ಯಲ್ಲಿ ನಿಷೇಧ ಸೇರಿಕೊಂಡೇ ಇರುವುದರಿಂದ ಜತೆಗೆ ‘ನಾಟ್’ ಬೇಡ: ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯು’ ಸಾಕು. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ಫಾಸ್ಟ್ಲಿ’ ಎಂಬುದು ಬಳಕೆಯಲ್ಲಿಲ್ಲ, ‘ಫಾಸ್ಟ್’ ಅಡ್ಜೆಕ್ಟಿವ್ ಆಗಿಯೂ ಆಡ್‌ವರ್ಬ್ ಆಗಿಯೂ ನಡೆಯುತ್ತದೆ. ‘ಫ್ರೆಂಡ್ಲಿ’, ‘ಲೋನ್ಲಿ’ ಅಡ್ಜೆಕ್ಟಿವ್‌ಗಳು; ಸ್ನೇಹದಿಂದ ಮಾತಾಡಿದಳು ಎನ್ನಲು ‘ಷಿ ಸ್ಪೋಕ್ ಇನ್ ಎ ಫ್ರೆಂಡ್ಲಿ ವೇ’ ಎಂದು ಬಳಸಿ ಹೇಳಬೇಕು.

ಉತ್ತರ: ಪದಕ್ರಮ

‘ಓನ್ಲಿ’ಯನ್ನೂ ಸೇರಿಸಿಬಿಡುತ್ತೇನೆ. ಕನ್ನಡದ ‘ಮಾತ್ರ’ ತಾನು ಒತ್ತು ಕೊಡುವ ಪದದ ನಂತರ ಬರುತ್ತದೆ. ಬರವಣಿಗೆಯಲ್ಲಿ ‘ಓನ್ಲಿ’ಯನ್ನು ಆ ಪದಕ್ಕಿಂತ ಮೊದಲು ಇಟ್ಟರೆ ಅನುಮಾನಕ್ಕೆ ಎಡೆಯಿಲ್ಲ. ‘ಓನ್ಲಿ ರವಿ ಸಾ ದ ಲೆಟರ್’ ಎಂದರೆ ನೋಡಿದ್ದು ರವಿ ಮಾತ್ರ. ‘ರವಿ ಸಾ ಓನ್ಲಿ ದ ಲೆಟರ್’ ಎಂದರೆ ಅವನು ನೋಡಿದ್ದು ಪತ್ರವನ್ನು ಮಾತ್ರ. ಇನ್ನು ‘ನಾಳೆಯೇ’ ಎನ್ನಲು ‘ದ ಮೀಟಿಂಗ್ ಈಸ್ ಟುಮಾರೋ ಓನ್ಲಿ’ ಎಂದರೆ, ಭಾರತದ ಹೊರಗಿನವರು ಮೀಟಿಂಗ್ ಇರುವುದು ನಾಳೆ ಒಂದೇ ದಿನ ಎಂದುಕೊಳ್ಳುತ್ತಾರೆ. ಅಲ್ಲಿ ‘ಓನ್ಲಿ’ ತೆಗೆದು, ‘ಟುಮಾರೋ’ ಅನ್ನುವುದನ್ನು ಒತ್ತಿ ಹೇಳಿ.