ಓದು ನಿಲ್ಲಿಸಿ ವೃತ್ತಿಪರ ಗೇಮಿಂಗಿಗೆ ಇಳಿಯಬೇಕೆಂದಿದ್ದೇನೆ: ಅನುಭವಿಗಳ ಸಲಹೆ ಬೇಕು

ಪ್ರಶ್ನೆ

ನನಗೆ 19 ವರ್ಷ. ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ಮೂರು ವರ್ಷಗಳಿಂದ ವ್ಯಾಲರಂಟ್ ಎಂಬ, ಐವರ ತಂಡಗಳು ಸೆಣಸುವ ಶೂಟಿಂಗ್ ಆಟವನ್ನು ಆಡುತ್ತಿದ್ದು, ಸುಮಾರು ಒಂದು ವರ್ಷದಿಂದ ಇಮ್ಮಾರ್ಟಲ್ ರ‍್ಯಾಂಕಿನಲ್ಲಿ ನಿಂತಿದ್ದೇನೆ. ಅದರ ಮೇಲಿರುವುದು ರೇಡಿಯಂಟ್ ಒಂದೇ. ತರಗತಿ, ಪರೀಕ್ಷೆಗಳ ನಡುವೆ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಆಡಲು ಆಗುತ್ತಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಅಭ್ಯಾಸ ಮಾಡುವವರೊಂದಿಗೆ ಈ ನಾಲ್ಕು ಗಂಟೆ ಇಟ್ಟುಕೊಂಡು ಸೆಣಸುವುದು ಹೇಗೆ ಎಂಬ ಚಿಂತೆ ಕೊರೆಯುತ್ತಿದೆ. ಎರಡು ದೋಣಿಯ ಮೇಲೆ ಕಾಲಿಟ್ಟವನು ದಡ ಸೇರುವುದಿಲ್ಲ ಎಂದು ನನ್ನ ತಂದೆಯವರು ಹೇಳುತ್ತಿರುತ್ತಾರೆ. ಆ ಮಾತು ನನಗೂ ಒಪ್ಪಿಗೆ. ಆದ್ದರಿಂದ ಒಂದು ವರ್ಷ ಓದು ನಿಲ್ಲಿಸಿ ಆಟಕ್ಕೇ ಮುಡಿಪಾಗಬೇಕೆಂದು ಯೋಚಿಸಿದ್ದೇನೆ. 2019ರ ಫೋರ್ಟ್‌ನೈಟ್ ವಿಶ್ವಕಪ್ಪಿನ ಸೋಲೋ ವಿಭಾಗದಲ್ಲಿ 30 ಲಕ್ಷ ಡಾಲರ್ ಗೆದ್ದ ಹುಡುಗನಿಗೆ ಆಗ 16 ವರ್ಷ ಎಂಬುದು ನೆನಪಾದಾಗಲೆಲ್ಲ, ನನಗೆ ಈಗಾಗಲೇ ತಡವಾಯಿತೇನೋ ಎನಿಸುತ್ತದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಿ.

ಮೊದಲ ಉತ್ತರ

ನಾನು ಎರಡನೆಯ ಹಂತದ ತಂಡವೊಂದರಲ್ಲಿ ಎರಡು ವರ್ಷ ಆಡಿದವನು. ನಿಮಗೆ ತಡವಾಗಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ನಾನು ಹುಡುಕಿದ ಒಂದು ವಿಷಯ ಸಿಗಲಿಲ್ಲ: ಆ ನಾಲ್ಕು ಗಂಟೆ ನೀವು ಯಾರೊಂದಿಗೆ ಆಡುತ್ತೀರಿ?

ರೇಡಿಯಂಟ್ ಎಂದರೆ ಒಂದು ಪ್ರದೇಶದ ಮೊದಲ 500 ಆಟಗಾರರು. 2025ರಲ್ಲಿ ಈ ಆಟದ ಅಗ್ರ ಹಂತದಲ್ಲಿ ನಾಲ್ಕು ಅಂತರರಾಷ್ಟ್ರೀಯ ಲೀಗ್‌ಗಳಿದ್ದು, ಒಂದೊಂದರಲ್ಲಿ 12 ತಂಡಗಳಿದ್ದವು. ತಂಡಕ್ಕೆ ಐವರಂತೆ ಲೆಕ್ಕ ಹಾಕಿದರೆ ಇಡೀ ಜಗತ್ತಿಗೆ 240 ಸ್ಥಾನ. ರೇಡಿಯಂಟ್ ತಲುಪಿದವರಲ್ಲಿಯೂ ಬಹುಪಾಲು ಜನರಿಗೆ ಅಲ್ಲಿ ಜಾಗವಿಲ್ಲ. ರ‍್ಯಾಂಕ್ ನಿಮ್ಮ ಕೈಚಳಕವನ್ನು ತೋರಿಸುತ್ತದೆ. ತಂಡ ಕಟ್ಟುವವರು ಅದನ್ನು ನೋಡಿ ಕರೆಯುತ್ತಾರೆ, ಆದರೆ ಉಳಿಸಿಕೊಳ್ಳುವುದು ಬೇರೆಯದನ್ನು ನೋಡಿ.

ತಂಡಕ್ಕೆ ಆಯ್ಕೆ ಮಾಡುವ ಮುನ್ನ ಆಡಿಸಿ ನೋಡುವ ನನ್ನ ಮೊದಲ ಟ್ರಯಲ್ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅಭ್ಯಾಸ ಪಂದ್ಯವನ್ನು 9–13ರಲ್ಲಿ ಸೋತೆವು. ತರಬೇತುದಾರರು ಬೈಯಲಿಲ್ಲ, ರೀಪ್ಲೇ ಹಾಕಿ, ನಾನು ಸತ್ತ ಪ್ರತಿ ಸುತ್ತಿನ ಎದುರು ಕಾರಣವನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದರು. 22 ಸುತ್ತುಗಳಲ್ಲಿ 17 ಬಾರಿ ಸತ್ತಿದ್ದೆ. ಗುರಿ ತಪ್ಪಿದ್ದರಿಂದ ಸತ್ತದ್ದು ನಾಲ್ಕೇ ಬಾರಿ. ಹನ್ನೊಂದು ಬಾರಿ, ಎದುರಾಳಿ ನನ್ನನ್ನು ಕಂಡ ಮೇಲೂ ಅದೇ ಮೂಲೆಯಿಂದ ಮತ್ತೆ ಇಣುಕಿದ್ದೆ, ಅದೂ ಪಕ್ಕದ ಜೊತೆಗಾರನಿಗೆ ಒಂದು ಮಾತೂ ಹೇಳದೆ. ಒಬ್ಬನೇ ಆಡುವಾಗ ಈ ಚಾಳಿ ನನಗೆ ಎಷ್ಟೋ ಪಂದ್ಯಗಳನ್ನು ಗೆಲ್ಲಿಸಿಕೊಟ್ಟಿತ್ತು, ಆದ್ದರಿಂದಲೇ ಅದು ತಪ್ಪೆಂದು ನನಗೆ ತೋಚಿರಲಿಲ್ಲ. ಅದನ್ನು ತಿದ್ದಿಕೊಳ್ಳಲು ಹನ್ನೆರಡು ಗಂಟೆಯ ಅಭ್ಯಾಸವೇನೂ ಬೇಕಾಗಲಿಲ್ಲ. ಆಟದ ಸಮಯದಲ್ಲೇ ಒಂದು ಗಂಟೆ ತೆಗೆದು ರೀಪ್ಲೇ ನೋಡಿದ್ದು ಸಾಕಾಯಿತು.

ದಕ್ಷಿಣ ಕೊರಿಯಾದ ಫೇಕರ್ ಶಾಲೆ ಬಿಟ್ಟು 2013ರಲ್ಲಿ ವೃತ್ತಿಪರರಾದರು, ಅದೇ ವರ್ಷ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲೇ ಅವರು ಕೊರಿಯಾ ಸರ್ವರಿನ ರ‍್ಯಾಂಕಿಂಗಿನ ತುದಿಯಲ್ಲಿದ್ದರು ಎಂಬುದನ್ನು ಮಾತ್ರ ಮರೆಯುತ್ತಾರೆ. ಕರಾರು ಕೈಗೆ ಬಂದ ಮೇಲೆ ಓದು ನಿಲ್ಲಿಸುವುದು ಬೇರೆ, ಕರಾರು ಬರಲಿ ಎಂದು ನಿಲ್ಲಿಸುವುದು ಬೇರೆ.

ಕರಾರು ಬಂದಾಗಲೂ ಓದದೆ ಸಹಿ ಹಾಕಬೇಡಿ. ನಾನಿದ್ದ ತಂಡ ಮೂರು ತಿಂಗಳ ಸಂಬಳವನ್ನು ಕೊಡಲೇ ಇಲ್ಲ; ಯಾವ ದಿನಾಂಕಕ್ಕೆ ಕೊಡಬೇಕೆಂಬ ಸಾಲೇ ಕರಾರಿನಲ್ಲಿರಲಿಲ್ಲ. ನನ್ನನ್ನು ಬಿಡಿಸಿಕೊಳ್ಳಲು ಬೇರೆ ತಂಡ ಕೊಡಬೇಕಾದ ಬೈಔಟ್ ಮೊತ್ತವಂತೂ ಎಷ್ಟಿತ್ತೆಂದರೆ, ಕೇಳಿಕೊಂಡು ಬಂದ ಒಂದೇ ಒಂದು ತಂಡವೂ ಹಿಂದೆ ಸರಿಯಿತು.

ಎರಡನೆಯ ಉತ್ತರ

ಮೇಲಿನವರು ಆಟಗಾರನ ಕಡೆಯಿಂದ ಹೇಳಿದ್ದಾರೆ. ಆಟದ ಕಡೆಯಿಂದಲೂ ಒಂದು ಮಾತಿದೆ. ಫುಟ್‌ಬಾಲನ್ನು ಯಾರೂ ನಿಲ್ಲಿಸಲಾರರು, ಆದರೆ ನಾವು ಆಡುವ ಪ್ರತಿಯೊಂದು ಆಟಕ್ಕೂ ಒಬ್ಬ ಮಾಲೀಕನಿದ್ದಾನೆ. ಹೀರೋಸ್ ಆಫ್ ದ ಸ್ಟಾರ್ಮ್‌ನ ವೃತ್ತಿಪರ ಲೀಗ್ ಮುಂದಿನ ವರ್ಷ ನಡೆಯುವುದಿಲ್ಲವೆಂದು ಆ ಆಟದ ಮಾಲೀಕ ಕಂಪನಿ ಬ್ಲಿಝಾರ್ಡ್ 2018ರ ಡಿಸೆಂಬರಿನಲ್ಲಿ ಪ್ರಕಟಿಸಿದಾಗ, ಹೊಸ ಋತುವಿಗೆ ಸಿದ್ಧರಾಗುತ್ತಿದ್ದ ಆಟಗಾರರ ಕೆಲಸ ಒಂದೇ ದಿನದಲ್ಲಿ ಹೋಯಿತು. ಅದೇ 2018ರಲ್ಲಿ ಆರಂಭವಾದ ಓವರ್‌ವಾಚ್ ಲೀಗ್ 2023ರಲ್ಲಿ ಮುಗಿಯಿತು. ಡೋಟಾ 2ರ ‘ದಿ ಇಂಟರ್‌ನ್ಯಾಷನಲ್’ ಪಂದ್ಯಾವಳಿಯ ಬಹುಮಾನದ ಮೊತ್ತ 2021ರಲ್ಲಿ ಸುಮಾರು 4 ಕೋಟಿ ಡಾಲರ್ ಇದ್ದದ್ದು, 2023ರಲ್ಲಿ ಸುಮಾರು 30 ಲಕ್ಷಕ್ಕೆ ಕುಸಿಯಿತು. ಆ ಹಣದ ಬಹುಭಾಗ ಅಭಿಮಾನಿಗಳು ಆಟದೊಳಗಿನ ಬಹುಮಾನಗಳಿಗಾಗಿ ಕೊಳ್ಳುತ್ತಿದ್ದ ಬ್ಯಾಟಲ್ ಪಾಸ್ ಎಂಬ ಪಾಸ್‌ನ ಮಾರಾಟದಿಂದ ಬರುತ್ತಿತ್ತು. ಮಾರಾಟದ ರೀತಿ ಬದಲಾದೊಡನೆ ಬಹುಮಾನವೂ ಕರಗಿತು. ಆಟಗಾರರ ಕೌಶಲವೇನೂ ಕಡಿಮೆಯಾಗಿರಲಿಲ್ಲ.

ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. ಒಂದು ಆಟ ಮುಚ್ಚಿದಾಗ ಜೊತೆಗೆ ಏನು ಉಳಿಯುತ್ತದೆ ಎಂಬುದನ್ನು ಈಗಲೇ ಯೋಚಿಸಿ. ಪಂದ್ಯ ವಿಶ್ಲೇಷಣೆ, ವೀಕ್ಷಕ ವಿವರಣೆ, ತರಬೇತಿ ಇವೆಲ್ಲ ಇದೇ ರಂಗದ ಕೆಲಸಗಳು, ಮತ್ತು ಅವುಗಳಿಗೆ ಓದು ಅಡ್ಡಿಯಲ್ಲ.

ಮೂರನೆಯ ಉತ್ತರ

ನಾನು ಆಟಗಾರಳಲ್ಲ, ಆಟಗಾರನೊಬ್ಬನ ತಾಯಿ. ನನ್ನ ಮಗ ಮಣಿಕಟ್ಟಿನ ನೋವನ್ನು ಎರಡು ತಿಂಗಳು ನಮ್ಮಿಂದ ಮುಚ್ಚಿಟ್ಟಿದ್ದ. ಊಟದ ವೇಳೆ ಲೋಟವನ್ನು ಎಡಗೈಯಲ್ಲಿ ಎತ್ತುವುದನ್ನು ಕಂಡು ನಾನೇ ಕೇಳಿದೆ. ಚೀನಾದ ಪ್ರಸಿದ್ಧ ಆಟಗಾರ ಉಝಿ 2020ರಲ್ಲಿ, ಕೇವಲ 23ನೆಯ ವಯಸ್ಸಿಗೆ, ಮಧುಮೇಹ ಮತ್ತಿತರ ತೊಂದರೆಗಳಿಂದ ನಿವೃತ್ತಿ ಘೋಷಿಸಿದ್ದರು. ನೋವು ಬಂದರೆ ವೈದ್ಯರಿಗೆ ತೋರಿಸಿ, ಮನೆಯವರಿಗೂ ತಿಳಿಸಿ. ತಂದೆಯವರನ್ನು ಒಂದು ಪಂದ್ಯ ಪಕ್ಕದಲ್ಲಿ ಕೂರಿಸಿಕೊಂಡು ಆಡಿ ನೋಡಿ. ನಮಗೆ ಅರ್ಥವಾಗಲು ಆರಂಭವಾದದ್ದು ಹಾಗೆ ಕುಳಿತು ನೋಡಿದ ಮೇಲೆಯೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಆಡುವುದನ್ನು ಬಿಟ್ಟು, ನಾನು ಸೋತ ಮೂರು ಪಂದ್ಯಗಳ ರೀಪ್ಲೇ ನೋಡಿ ಬರೆದುಕೊಂಡೆ. ಒಟ್ಟು 49 ಸಾವುಗಳು. ಅವುಗಳಲ್ಲಿ 26 ಬಾರಿ ನಾನು ಜೊತೆಗಾರರಿಗಾಗಿ ಕಾಯದೆ ಒಬ್ಬನೇ ಮುನ್ನುಗ್ಗಿದ್ದೆ. ಸಮಯ ಸಾಲದೆ ಹಿಂದುಳಿದಿದ್ದೇನೆ ಎಂದುಕೊಂಡಿದ್ದೆ, ಆದರೆ ಈ ಪುಟದಲ್ಲಿ ಸಮಯದ ಕೊರತೆ ಎಲ್ಲಿಯೂ ಕಾಣುತ್ತಿಲ್ಲ. ಓದು ನಿಲ್ಲಿಸುವ ಅರ್ಜಿಯನ್ನು ಸದ್ಯಕ್ಕೆ ಕೊಡುತ್ತಿಲ್ಲ. ರಜೆ ಆರಂಭವಾಗುವುದರೊಳಗೆ ಐವರ ತಂಡವೊಂದನ್ನು ಸೇರಿ, ಮುಕ್ತ ಅರ್ಹತಾ ಸುತ್ತುಗಳಲ್ಲಿ ಆಡುತ್ತೇನೆ. ಮೊದಲ ಉತ್ತರ ಬರೆದವರಲ್ಲಿ ಒಂದು ವಿನಂತಿ: ನಮ್ಮ ತಂಡದ ಮೊದಲ ಪಂದ್ಯದ ರೀಪ್ಲೇ ಕಳಿಸಿದರೆ ನೋಡಿಕೊಡುವಿರಾ?