ಹಳೇ ಮಂಗಳೂರು ಹೆಂಚು ಬೇಕಿತ್ತು, ಹೊದಿಸೋರೂ ಬೇಕು (ಶಿವಮೊಗ್ಗ ಕೋಟೆ ಏರಿಯಾ)

ಎಲ್ರಿಗೂ ನಮಸ್ಕಾರ. ನಮ್ಮನೆ ಕೋಟೆ ಕಡೆ, ಶಿವಪ್ಪನಾಯಕನ ಅರಮನೆಯಿಂದ ನಡ್ಕೊಂಡು ಹೋಗೋ ಅಷ್ಟು ದೂರ, ಅಜ್ಜನ ಕಾಲದ ಹೆಂಚಿನ ಮನೆ. ಈ ಸಲ ಮಂಗಗಳು ಯಾವ ಪರಿ ಕುಣಿದಿದಾವೆ ಅಂದ್ರೆ ಜಗಲಿ ಮೇಲಿನ ಮಾಡಲ್ಲಿ ನಲವತ್ತು ಹೆಂಚಾದ್ರೂ ಒಡ್ದಿದೆ, ಎರಡು ರೀಪೂ (ಹೆಂಚು ಕೂರೋ ಮರದ ಪಟ್ಟಿ) ಗೆದ್ಲು ತಿಂದು ಕೈಲಿ ಮುಟ್ಟಿದ್ರೆ ಪುಡಿ ಪುಡಿ.

ಹೊಸ ಹೆಂಚು ತಂದು ಹಾಕಿ ನೋಡಿದ್ವಿ, ಕೂರಲ್ಲ. ಒಂದೊಂದು ಫ್ಯಾಕ್ಟರಿದು ಒಂದೊಂದು ಅಳತೆ, ಹೆಂಚಿನ ಅಂಚಿನ ತೋಡು ಒಂದಕ್ಕೊಂದು ಕಚ್ಚದಿದ್ರೆ ಮೊದಲ್ನೇ ಮಳೆಗೇ ನೀರು ಒಳಗೆ. ನಮ್ದರ ಹಿಂದೆ ಅಚ್ಚು ಇದೆ, ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವ್ರು ಮಂಗಳೂರಲ್ಲಿ 1865ರಲ್ಲಿ ಶುರು ಮಾಡಿದ್ರಲ್ಲ ಆ ಫ್ಯಾಕ್ಟರಿದೋ ಇನ್ಯಾರದೋ, ಪಾಚಿ ಕಟ್ಟಿ ಅಕ್ಷರ ಅರ್ಧ ಹೋಗಿದೆ. ಫೋಟೋ ಕಾಮೆಂಟಲ್ಲಿ ಹಾಕ್ತೀನಿ.

ಶೀಟ್ ಹಾಕ್ಸಿ ಬಿಡ್ರಿ ಅಂತ ದಯವಿಟ್ಟು ಹೇಳ್ಬೇಡಿ, ಅಮ್ಮ ಈಗಾಗ್ಲೇ ಆ ಮಾತಿಗೆ ಎರಡು ದಿನ ಮಾತು ಬಿಟ್ಟಿದ್ರು 😅 ಎರಡು ವರ್ಷಕ್ಕೊಮ್ಮೆ ಮಾರಿ ಜಾತ್ರೆ ಬಂದ್ರೆ ಅರ್ಧ ಬೀದಿ ಆ ಜಗಲಿ ಮೇಲೇ ಕೂತಿರುತ್ತೆ, ನೆಂಟ್ರು, ಅವರ ನೆಂಟ್ರು, ಚಪ್ಪಲಿ ಬಿಟ್ಟು ಜಾತ್ರೆಗೆ ಹೋದವ್ರು ಎಲ್ಲಾ.

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಯಾರಾದ್ರೂ ಹಳೇ ಮನೆ ಕೆಡವ್ತಿದ್ರೆ ತಿಳ್ಸಿ, ಹೆಂಚು ನಾವೇ ಗಾಡಿ ತಂದು ಇಳಿಸ್ಕೊಂಡು ಹೋಗ್ತೀವಿ, ದುಡ್ಡೂ ಕೊಡ್ತೀವಿ. ಮತ್ತೆ ಮಾಡು ಹತ್ತಿ ಕೆಲಸ ಮಾಡೋ ಹಳಬ್ರು ಗೊತ್ತಿದ್ರೆ ಇನ್‌ಬಾಕ್ಸ್ ಮಾಡಿ. ಹೋದ್ಸಲ ಬಂದವ್ನು ಸರಿ ಮಾಡಿದ್ದಕ್ಕಿಂತ ತುಳಿದು ಒಡೆದಿದ್ದೇ ಜಾಸ್ತಿ. ಜೂನ್ ಮೊದಲ ವಾರದೊಳಗೆ ಆಗ್ಬೇಕು.