ಅಪ್‌ಡೇಟ್: ತಪ್ಪು ಫೈಲಿನದ್ದಲ್ಲ, ವೈರಿನದ್ದು

ಹೊಸ ಸ್ಪೀಕರ್ ಜೋಡಿಯಲ್ಲಿ ಹಾಡು ತೆಳ್ಳಗೆ ಕೇಳಿಸುತ್ತದೆ, ದನಿ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ, ಎಂಪಿ3 ಬಿಟ್ಟು ಫ್ಲ್ಯಾಕ್‌ಗೆ (ದನಿಯ ಯಾವ ಭಾಗವನ್ನೂ ಕಳೆಯದೆ ಉಳಿಸುವ ಫೈಲ್) ಹೋಗಬೇಕಾ ಅಂತ ಇಲ್ಲಿ ಕೇಳಿದ್ದೆ. ಮೊದಲು ವೈರ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಕಾರಣ ಅದೇ ಆಗಿತ್ತು.

ಬಲಗಡೆ ಸ್ಪೀಕರಿನ ಹಿಂದೆ ಟಾರ್ಚ್ ಹಿಡಿದು ನೋಡಿದೆ. ಕೆಂಪು ವೈರು ಕಪ್ಪು ಟರ್ಮಿನಲ್‌ನಲ್ಲಿ ಕೂತಿತ್ತು! ಹೀಗಾದಾಗ ಒಂದು ಸ್ಪೀಕರಿನ ಕೋನ್ (ಅದುರಿ ದನಿ ಹೊರಡಿಸುವ ಭಾಗ) ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ. ಎರಡರ ಬೇಸ್, ಅಂದರೆ ತಗ್ಗಿನ ದಪ್ಪ ದನಿ, ಒಂದನ್ನೊಂದು ಹೊಡೆದುಹಾಕುತ್ತದೆ. ಬದಲಿಸಿ ಹಾಕಿದ ತಕ್ಷಣ ದನಿ ಎರಡೂ ಸ್ಪೀಕರಿನ ನಟ್ಟನಡುವೆ ಬಂದು ನಿಂತಿತು. ನಿಜಕ್ಕೂ ಮೈ ಜುಮ್ಮೆಂದಿತು.

ಆಮೇಲೆ ಬೇಸ್ ಜಾಸ್ತಿಯಾಗಿ ಗುಂಯ್‌ಗುಡತೊಡಗಿತು. ಸ್ಪೀಕರ್ ಮೂಲೆಗೆ ಒತ್ತಿಕೊಂಡಿತ್ತಲ್ವಾ, ಗೋಡೆ ಹತ್ತಿರವಿದ್ದಷ್ಟೂ ಬೇಸ್ ಉಬ್ಬುತ್ತದೆ. ಅರ್ಧ ಮೀಟರ್ ಮುಂದೆ ಎಳೆದೆ, ಟ್ವೀಟರ್ (ಕೀಚಲು ದನಿ ಹೊರಡಿಸುವ ಚಿಕ್ಕ ಭಾಗ) ಕಿವಿಯ ಮಟ್ಟಕ್ಕೆ ಬರುವಂತೆ ಎತ್ತಿಟ್ಟೆ. ಸರಿಹೋಯಿತು.

ಫೈಲ್ ವಿಷಯ: ಒಂದೇ ಹಾಡನ್ನು ಫ್ಲ್ಯಾಕ್‌ನಿಂದ 128 ಮತ್ತು 320 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಡೇಟಾ ಎಂಬ ಲೆಕ್ಕ) ಎಂಪಿ3 ಮಾಡಿಕೊಂಡೆ. ಯಾವುದು ಯಾವುದೆಂದು ಹೇಳದೆ ಗೆಳೆಯ ಪ್ಲೇ ಮಾಡಿದ. ವಾಲ್ಯೂಮ್ ಮೂರಕ್ಕೂ ಒಂದೇ, ಯಾಕೆಂದರೆ ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. 128ರಲ್ಲಿ ತಾಳದ ಝಣಝಣ ಕಲಸಿದಂತಿತ್ತು, ಪ್ರತಿ ಸಲ ಹಿಡಿದೆ. 320ಕ್ಕೂ ಫ್ಲ್ಯಾಕ್‌ಗೂ ವ್ಯತ್ಯಾಸ ನನಗೆ ಒಮ್ಮೆಯೂ ಖಚಿತವಾಗಿ ಸಿಗಲಿಲ್ಲ. ಇಟ್ಟುಕೊಳ್ಳುವ ಪ್ರತಿಗೆ ಫ್ಲ್ಯಾಕ್ ಇರಲಿ, ಕೇಳೋದಕ್ಕೆ 320 ಧಾರಾಳ ಸಾಕು.

ಮುಂದಿನ ಕೆಲಸ ಖಾಲಿ ಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನ. ಚಪ್ಪಾಳೆ ತಟ್ಟಿದರೆ ಕೋಣೆ ಇನ್ನೂ ಟಣ್ ಅನ್ನುತ್ತಿದೆ.